ಪ್ರತಿ: ಬಣ್ಣದ ವೇಷದ ಅಬ್ಬರ ಜಾಸ್ತಿಯಾಯಿತೇ?
ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟಕ್ಕೆ ನೀವು ಯಕ್ಷಗಾನದ ಬಣ್ಣದ ವೇಷವನ್ನು (ರಾಕ್ಷಸ ಪಾತ್ರ) ಫೈಟರ್ ಎಂಬ ಯೋಧ ವರ್ಗದ ಸಬ್‌ಕ್ಲಾಸ್ (ಉಪವರ್ಗ) ಮಾಡಿದ್ದು ಕುಂಬಳೆ ಸೀಮೆಯವನಾದ ನನಗೆ ತುಂಬ ಖುಷಿ ಮಾರಾಯ್ರೆ. ನೀವು ಅದಕ್ಕೆ ಕೊಟ್ಟ ‘ಅಬ್ಬರ’ದ ಶಕ್ತಿ ಹೀಗಿದೆ: 3ನೇ ಲೆವೆಲ್‌ನಲ್ಲಿ 30 ಅಡಿಯೊಳಗಿನ ಶತ್ರುಗಳಿಗೆಲ್ಲ ಒಂದು ನಿಮಿಷ ಭಯ, ಲಾಂಗ್ ರೆಸ್ಟ್‌ಗೆ (ಪಾತ್ರಗಳ ದೀರ್ಘ ವಿಶ್ರಾಂತಿ) ಒಂದೇ ಸಲ. ಇದು ಜಾಸ್ತಿಯಾಯಿತೇ ಎಂದು ಕೇಳಿದ್ದೀರಿ. ಬಲ ಜಾಸ್ತಿಯಲ್ಲ, ಬಳಕೆ ಕಡಿಮೆ. ಒಮ್ಮೆ ಅಬ್ಬರಿಸಿದ ಮೇಲೆ ಉಳಿದ ಕಾಳಗಗಳಲ್ಲಿ ಅವನು ಬರೀ ಫೈಟರ್.

2014ರ ನಿಯಮದಲ್ಲಿ ಫೈಟರ್‌ನದೇ ಇನ್ನೊಂದು ಸಬ್‌ಕ್ಲಾಸ್ ಆದ ಬ್ಯಾಟಲ್ ಮಾಸ್ಟರ್ ನೋಡಿ: 3ನೇ ಲೆವೆಲ್‌ಗೇ ವಿಶೇಷ ಪಟ್ಟುಗಳಿಗೆ ನಾಲ್ಕು ಡಿ8 (ಎಂಟು ಮುಖದ) ದಾಳ, ಶಾರ್ಟ್ ರೆಸ್ಟ್ (ಚಿಕ್ಕ ವಿಶ್ರಾಂತಿ) ಆದರೆ ಎಲ್ಲ ವಾಪಸ್. ಆ ಪಟ್ಟುಗಳಲ್ಲೊಂದಾದ, ಹೆದರಿಸುವ ಮೆನೇಸಿಂಗ್ ಅಟ್ಯಾಕ್‌ನಲ್ಲಿ ಎದುರಾಳಿ ಸೇವ್ (ಪರಿಣಾಮದಿಂದ ತಪ್ಪಿಸಿಕೊಳ್ಳಲು ಹಾಕುವ ದಾಳ) ಗೆದ್ದು ಹೆದರದಿದ್ದರೂ ದಾಳದಷ್ಟು ಹೆಚ್ಚು ಪೆಟ್ಟು ಬಿದ್ದೇ ಬೀಳುತ್ತದೆ. ನಿಮ್ಮದರಲ್ಲಿ ಸೇವ್ ಗೆದ್ದರೆ ಆಟಗಾರನ ಕೈ ಖಾಲಿ. ಗೋಲೆಮ್‌ಗಳಿಗಂತೂ (ಮಾಟದಿಂದ ನಡೆದಾಡುವ ಬೊಂಬೆಗಳು) ಭಯವೇ ತಾಗದು.

ಬಣ್ಣದ ವೇಷದ ಗತ್ತಿರುವುದು ದೊಂದಿ, ರಾಳದ ಬೆಂಕಿಯ ಪ್ರವೇಶದಲ್ಲಿ. ಹಾಗಾಗಿ ಪ್ರತಿ ಕಾಳಗದ ಇನಿಶಿಯೇಟಿವ್ (ಯಾರ ಸರದಿ ಮೊದಲು ಎಂದು ತೀರ್ಮಾನಿಸುವ ದಾಳ) ಹಾಕುವಾಗಲೇ ಅಬ್ಬರ ಕೊಡಿ, ಒಬ್ಬ ಶತ್ರುವಿಗೆ ಮಾತ್ರ, ಒಂದು ಸರದಿಯ ಮಟ್ಟಿಗೆ. ಅವನು ಸೇವ್ ಗೆದ್ದರೆ ವೇಷಕ್ಕೆ ಒಂದಿಷ್ಟು ತಾತ್ಕಾಲಿಕ ಹಿಟ್ ಪಾಯಿಂಟ್ (ಪೆಟ್ಟು ತಡೆಯುವ ಜೀವಬಲ) ಸಿಗಲಿ.