ಮಾರ್ಕೆಟ್ ಸ್ಟ್ರೀಟಿನ ಡೇರೆಗಳ ಬಗ್ಗೆ ಕೇಳಿದ್ದೀರಲ್ಲ

ನಿಮ್ಮ ಪ್ರಶ್ನೆ ಓದಿದೆ. ದಾವಣಗೆರೆಯಿಂದ ಬೆಂಗಳೂರು, ಅಲ್ಲಿಂದ ಸೀದಾ ಸ್ಯಾನ್ ಫ್ರಾನ್ಸಿಸ್ಕೋ. ಬಂದು ಇನ್ನೂ ತಿಂಗಳಾಗಿಲ್ಲ. ಹತ್ತಿರದ ಊರು ಫ್ರೀಮಾಂಟ್‌ನಲ್ಲಿ ರೂಮು, ಮಾರ್ಕೆಟ್ ಸ್ಟ್ರೀಟಿನಲ್ಲಿ ಆಫೀಸು. ಸಿವಿಕ್ ಸೆಂಟರ್ ಸ್ಟೇಷನ್ನಿನಲ್ಲಿ ಇಳಿದು ಆಫೀಸು ಮುಟ್ಟುವಷ್ಟರಲ್ಲಿ ಎದೆ ಡವಡವ ಅನ್ನುತ್ತದೆ ಅಂದಿದ್ದೀರಿ. ರಸ್ತೆ ಬದಿಯಲ್ಲಿ ಮನೆ ಇಲ್ಲದವರ ಡೇರೆಗಳು, ಗಾಳಿಗೆ ಬೈಯುತ್ತಾ ಹೋಗುವವರು, ನಿಂತಲ್ಲೇ ಸೊಂಟ ಮಡಿಸಿ ತಲೆ ನೆಲಕ್ಕೆ ಇಳಿಬಿಟ್ಟು ಗಂಟೆಗಟ್ಟಲೆ ಹಾಗೇ ಇರುವವರು. "ಇಷ್ಟು ದುಡ್ಡಿರುವ ದೇಶದಲ್ಲಿ ಇದೇನಕ್ಕ? ಬೆಂಗಳೂರಲ್ಲೂ ನಾನು ಹೀಗೆ ನೋಡಿಲ್ಲ. ಹೆದರಬೇಕಾ? ಕಾಸು ಕೊಡಬೇಕಾ? ಸರ್ಕಾರ ಯಾಕೆ ಸುಮ್ಮನಿದೆ? ಆಫೀಸಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ."

ಮೊದಲು ಭಯದ ವಿಷಯ ಮುಗಿಸೋಣ. ಅಲ್ಲಿ ಇರುವವರಲ್ಲಿ ಹೆಚ್ಚಿನವರಿಗೆ ನಿಮ್ಮ ಮೇಲೆ ಗಮನವೇ ಇಲ್ಲ. ಕೂಗಾಡುವವರು ಕಂಡರೆ ರಸ್ತೆ ದಾಟಿ ಆ ಕಡೆ ನಡೆಯಿರಿ, ದಿಟ್ಟಿಸಬೇಡಿ. ಫೋನ್ ತೆಗೆದು ವಿಡಿಯೋ ಮಾಡಿ "ನೋಡ್ರಪ್ಪ ಅಮೆರಿಕ" ಅಂತ ಮನೆಯ ಗ್ರೂಪಿಗೆ ಹಾಕುವ ಆಸೆ ಬಂದರೆ ತಡೆದುಕೊಳ್ಳಿ. ಯಾರಾದರೂ ಅಲುಗಾಡದೆ ಬಿದ್ದಿದ್ದು ತುಟಿ ನೀಲಿಗಟ್ಟಿದ್ದರೆ ಮಾತ್ರ ದಾಟಿ ಹೋಗಬೇಡಿ. ತುರ್ತು ನಂಬರ್ 911ಕ್ಕೆ ಫೋನ್ ಮಾಡಿ, ಯಾವ ಬೀದಿ ಯಾವ ಮೂಲೆ ಅಂತ ಹೇಳಿ. ನಾರ್ಕಾನ್ ಅನ್ನುವ ಮೂಗಿಗೆ ಹೊಡೆಯುವ ಸ್ಪ್ರೇ 2023ರಿಂದ ಡಾಕ್ಟರ ಚೀಟಿ ಇಲ್ಲದೆ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಫೆಂಟನಿಲ್ ಅನ್ನುವ ಡ್ರಗ್ಸ್ ಏರಿ ಉಸಿರು ನಿಲ್ಲುತ್ತಿರುವವರನ್ನು ಅದು ವಾಪಸ್ ತರುತ್ತದೆ. ನಾನು ಬ್ಯಾಗಿನಲ್ಲಿ ಒಂದು ಇಟ್ಟುಕೊಂಡಿರುತ್ತೇನೆ. ಅದೇ 2023ರಲ್ಲಿ ಈ ಒಂದು ಊರಿನಲ್ಲೇ ಡ್ರಗ್ಸ್ ಹೆಚ್ಚಾಗಿ 800ಕ್ಕೂ ಜಾಸ್ತಿ ಜನ ಸತ್ತರು.

ಕಾರಿನ ಗಾಜು ಒಡೆದು ಲ್ಯಾಪ್‌ಟಾಪ್ ಕದಿಯುವವರು ಬೇರೆ ಗುಂಪು. ಅವರು ಕಾರಿನಲ್ಲೇ ಬಂದು ಕಾರಿನಲ್ಲೇ ಹೋಗುತ್ತಾರೆ. ಅದನ್ನೂ ಡೇರೆಯವರ ತಲೆಗೆ ಕಟ್ಟಬೇಡಿ.

ಇನ್ನು ಆಫೀಸಿನ ಮಾತುಗಳು. "ಎಲ್ಲಾ ಬೇರೆ ರಾಜ್ಯದಿಂದ ಬಂದವರು, ಇಲ್ಲಿ ಎಲ್ಲಾ ಫ್ರೀ ಸಿಗುತ್ತಲ್ಲ ಅದಕ್ಕೆ." ಇದನ್ನು ನಾನೂ ಬಂದ ದಿನದಿಂದ ಕೇಳುತ್ತಿದ್ದೇನೆ. ಇದೇ ಊರಿನ ಯುಸಿಎಸ್ಎಫ್ ವಿಶ್ವವಿದ್ಯಾಲಯದವರು ಕ್ಯಾಲಿಫೋರ್ನಿಯಾ ಪೂರ್ತಿ ಸುತ್ತಿ ಸುಮಾರು 3,200 ಜನರನ್ನು ಮಾತಾಡಿಸಿ 2023ರಲ್ಲಿ ಒಂದು ವರದಿ ತಂದರು. ಹತ್ತರಲ್ಲಿ ಒಂಬತ್ತು ಜನ ಮನೆ ಕಳೆದುಕೊಂಡಿದ್ದು ಈ ರಾಜ್ಯದಲ್ಲೇ. ನಾಲ್ಕರಲ್ಲಿ ಮೂವರು ಇನ್ನೂ ಅದೇ ಕೌಂಟಿಯಲ್ಲೇ, ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ, ಅಲ್ಲೇ ಇದ್ದಾರೆ. ಮನೆ ಹೋಗುವ ಮುಂಚೆ ಆ ಕುಟುಂಬಗಳ ವರಮಾನ ಎಷ್ಟಿತ್ತು ಗೊತ್ತಾ? ನಡುಮಟ್ಟದ ಲೆಕ್ಕ ತೆಗೆದರೆ ತಿಂಗಳಿಗೆ 960 ಡಾಲರ್, ಅಂದರೆ ಅರ್ಧ ಜನಕ್ಕೆ ಅದಕ್ಕಿಂತಲೂ ಕಡಿಮೆ. ನೀವು ಫ್ರೀಮಾಂಟಿನ ಆ ಒಂದು ರೂಮಿಗೆ ಎಷ್ಟು ಕೊಡುತ್ತಿದ್ದೀರಿ, ನೀವೇ ಹೇಳಿ.

"ಎಲ್ಲಾ ಡ್ರಗ್ಸ್‌ನವರು" ಅನ್ನುವುದರಲ್ಲಿ ಒಂದಿಷ್ಟು ನಿಜ ಇದೆ. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಅದೇ ವರದಿಯಲ್ಲಿ ಹೆಚ್ಚು ಕಡಿಮೆ ಮೂರರಲ್ಲಿ ಒಬ್ಬರು ಮೆತ್ ಅನ್ನುವ ಡ್ರಗ್ಸನ್ನು ಈಗಲೂ ತಗೊಳ್ಳುತ್ತೇವೆ ಅಂದಿದ್ದಾರೆ. ಬೀದಿಗೆ ಬಿದ್ದ ಮೇಲೆ ಶುರುವಾಗಿದ್ದೂ ಉಂಟು. ರಾತ್ರಿ ಎಚ್ಚರ ಇಲ್ಲದಿದ್ದರೆ ಚಪ್ಪಲಿ ಕೂಡ ಉಳಿಯುವುದಿಲ್ಲ, ಎಚ್ಚರ ಇರುವುದಕ್ಕೇ ತಗೊಳ್ಳುವವರಿದ್ದಾರೆ. ಆದರೆ ಒಂದು ಯೋಚನೆ ಮಾಡಿ. ಡ್ರಗ್ಸ್‌ನಿಂದ ಸಾಯುವವರ ಪ್ರಮಾಣದಲ್ಲಿ ವರ್ಷಗಟ್ಟಲೆ ದೇಶಕ್ಕೇ ಮೊದಲಾಗಿದ್ದ ರಾಜ್ಯ ವೆಸ್ಟ್ ವರ್ಜೀನಿಯಾ. ಅಲ್ಲಿ ಡೇರೆಗಳು ಇಷ್ಟಿಲ್ಲ. ಯಾಕೆಂದರೆ ಅಲ್ಲಿ ಮನೆ ಬಾಡಿಗೆ ಅಗ್ಗ. ಕುಡುಕನಿಗೂ ಒಂದು ಬಾಗಿಲು ಇರುತ್ತದೆ, ಬಾಗಿಲು ಹಾಕಿಕೊಂಡು ಕುಡಿಯುತ್ತಾನೆ. ನಿಮಗೆ ಕಾಣುವುದಿಲ್ಲ, ಅಷ್ಟೇ.

ಇಲ್ಲಿ ಹಿಂದೆ ಅಂಥ ಬಾಗಿಲುಗಳು ಬಹಳ ಇದ್ದವು. ಎಸ್‌ಆರ್‌ಒ ಹೋಟೆಲ್ ಅಂತಾರೆ. ಒಂದು ರೂಮು, ಒಂದು ಬಲ್ಬು, ಒಂದು ಸಿಂಕು, ಬಚ್ಚಲು ಕಾರಿಡಾರಿನ ಕೊನೆಯಲ್ಲಿ. ನಮ್ಮ ಹಳೇ ಬೆಂಗಳೂರಿನ ವಠಾರ ಇದ್ದ ಹಾಗೆ, ಆದರೆ ಒಂಟಿ ಗಂಡಸರಿಗೆ. ಹಡಗಿನಲ್ಲಿ, ಬಂದರಿನಲ್ಲಿ ದುಡಿದು ಮುದುಕರಾದವರು ವಾರದ ಬಾಡಿಗೆ ಕೊಟ್ಟು ಅಲ್ಲೇ ಕೊನೆಯವರೆಗೂ ಇರುತ್ತಿದ್ದರು. ಮಾರ್ಕೆಟ್ ಸ್ಟ್ರೀಟಿನ ದಕ್ಷಿಣಕ್ಕೆ ಇಂಥ ಸಾವಿರಾರು ರೂಮುಗಳಿದ್ದವು. 60 ಮತ್ತು 70ರ ದಶಕದಲ್ಲಿ 'ಕೊಳೆಗೇರಿ' ಅಂತ ಹೇಳಿ ಒಡೆದು ಹಾಕಿದರು. ಆ ಜಾಗದಲ್ಲಿ 1981ರಲ್ಲಿ ಮಾಸ್ಕೋನಿ ಸೆಂಟರ್ ಬಂತು. ನಿಮ್ಮ ಕಂಪನಿಯವರು ಕಾನ್ಫರೆನ್ಸಿಗೆ ಕೊರಳಿಗೆ ಬ್ಯಾಡ್ಜ್ ಹಾಕಿ ಕಳಿಸುತ್ತಾರಲ್ಲ, ಅದೇ. ಈಗ ಫುಟ್‌ಪಾತಿಗೂ ತಿಂಗಳಿಗೆ ಸಾವಿರಾರು ಡಾಲರಿನ ಮನೆಗೂ ನಡುವೆ ಮೆಟ್ಟಿಲುಗಳು ತೀರಾ ಕಡಿಮೆ. ಬೆಂಗಳೂರಿನಲ್ಲಿ ಕಟ್ಟಡ ಕೆಲಸಕ್ಕೆ ರಾಯಚೂರು, ಕಲಬುರಗಿಯಿಂದ ಬಂದವರು ನೀಲಿ ಟಾರ್ಪಾಲಿನ ಶೆಡ್ ಹಾಕಿಕೊಂಡು ಇರುತ್ತಾರೆ. ಅದೇನು ಚಂದವಲ್ಲ. ಆದರೆ ಒಲೆ ಇರುತ್ತದೆ, ಅಕ್ಕಪಕ್ಕ ಊರಿನವರಿರುತ್ತಾರೆ. ಇಲ್ಲಿ ಹಾಗೆ ಶೆಡ್ ಹಾಕಿದರೆ ಮಾರನೇ ದಿನ ನೋಟಿಸು.

ನಮ್ಮ ವಿಷಯವನ್ನೇ ತಗೊಳ್ಳಿ. ಎಚ್‌-1ಬಿ ವೀಸಾದಲ್ಲಿ ಇರುವವರಿಗೆ ಕೆಲಸ ಹೋದರೆ 60 ದಿನ. ಬೇರೆ ಕೆಲಸ ಸಿಗದಿದ್ದರೆ ವಿಮಾನ ಹತ್ತಬೇಕು. ಅದನ್ನೇ ದೊಡ್ಡ ಕಷ್ಟ ಅಂದುಕೊಂಡಿದ್ದೇವೆ. ಆದರೆ ವಿಮಾನ ಇಳಿದರೆ ದಾವಣಗೆರೆಯಲ್ಲಿ ಅಪ್ಪನ ಮನೆ ಇದೆ ಅಲ್ವಾ? ಸ್ಟಾಕ್‌ಟನ್‌ನಲ್ಲೋ ಓಕ್ಲೆಂಡಿನಲ್ಲೋ ಹುಟ್ಟಿದವನಿಗೆ ವಾಪಸ್ ಹೋಗಲು ಬೇರೆ ಊರಿಲ್ಲ, ಇದೇ ಅವನ ಊರು. "ಅಮೆರಿಕದವರಿಗೆ ಸಂಬಂಧಗಳೇ ಇಲ್ಲ, ಅದಕ್ಕೇ ಹೀಗೆ" ಅಂತ ನಮ್ಮವರು ಬೀಗುತ್ತಾರೆ. ಆ ವರದಿಯಲ್ಲಿ ತುಂಬಾ ಜನ ಬೀದಿಗೆ ಬರುವ ಮುಂಚೆ ಅಣ್ಣನ ಮನೆ, ಗೆಳತಿಯ ಸೋಫಾ ಎಲ್ಲಾ ಮುಗಿಸಿ ಬಂದವರೇ. ಹಾಗೆ ಇನ್ನೊಬ್ಬರ ಮನೆಯಲ್ಲಿದ್ದವರಿಗೆ ಹೊರಗೆ ಹೋಗಲು ಸಿಕ್ಕ ಸಮಯ, ನಡುಮಟ್ಟದ ಲೆಕ್ಕದಲ್ಲಿ, ಒಂದು ದಿನ.

ನಾನು ವಾರಾಂತ್ಯಕ್ಕೆ ಫ್ರೀಮಾಂಟ್ ಇರುವ ಈಸ್ಟ್ ಬೇ ಕಡೆಯಲ್ಲಿ ಮನೆ ಇಲ್ಲದವರ ಒಂದು ಶೆಲ್ಟರಿನ ಅಡುಗೆಮನೆಯಲ್ಲಿ ಬಡಿಸಲು ಹೋಗುತ್ತೇನೆ. ಊಟಕ್ಕೆ ಮಾತ್ರ ಬರುವ ಒಬ್ಬಾಕೆ ಇದ್ದಾರೆ. ಅರವತ್ತು ದಾಟಿದೆ. ಹಳೇ ಕೊರೋಲಾ ಕಾರಿನಲ್ಲಿ ಮಲಗುತ್ತಾರೆ. ಹಿಂದಿನ ಸೀಟಿನ ಕೊಕ್ಕೆಗೆ ಇಸ್ತ್ರಿ ಮಾಡಿದ ಯೂನಿಫಾರ್ಮ್, ಮೇಲೆ ಪ್ಲಾಸ್ಟಿಕ್ ಕವರು. ಹಗಲು ವಯಸ್ಸಾದವರ ಮನೆಗಳಿಗೆ ಹೋಗಿ ಅವರನ್ನು ನೋಡಿಕೊಳ್ಳುವ ಕೆಲಸ. ಸ್ನಾನಕ್ಕೆ ಜಿಮ್ ಸದಸ್ಯತ್ವ. ಯಾವ ಬೀದಿಗೆ ಗುಡಿಸುವ ಗಾಡಿ ಯಾವ ವಾರ ಬರುತ್ತದೆ ಅಂತ ಬಾಯಿಪಾಠ, ಇಲ್ಲದಿದ್ದರೆ ದಂಡದ ಟಿಕೆಟ್ ಬೀಳುತ್ತದೆ. ಗಂಡ ತೀರಿಕೊಂಡ ಮೇಲೆ ಇಬ್ಬರಿಗೆ ಬರುತ್ತಿದ್ದ ಪಿಂಚಣಿಯಲ್ಲಿ ಒಂದು ನಿಂತಿತು. ಬಾಡಿಗೆ ಮಾತ್ರ ಮೊದಲಿನಷ್ಟೇ. ಅವರ ಪಕ್ಕ ನೀವು ಟ್ರೇನಿನಲ್ಲಿ ಕೂತಿದ್ದರೂ ನಿಮಗೆ ಗೊತ್ತಾಗುತ್ತಿರಲಿಲ್ಲ. ನೀವು ಮಾರ್ಕೆಟ್ ಸ್ಟ್ರೀಟಿನಲ್ಲಿ ನೋಡುತ್ತಿರುವುದು ವರ್ಷಗಟ್ಟಲೆ ಹೊರಗಿದ್ದು ಹಾಳಾದವರನ್ನು. ಅವರನ್ನೇ ನೋಡಿ ನಾವು ಎಲ್ಲರ ಬಗ್ಗೆ ತೀರ್ಪು ಕೊಡುತ್ತೇವೆ.

ಸರ್ಕಾರ ಸುಮ್ಮನಿಲ್ಲ. ದುಡ್ಡೇನೋ ಸುರಿಯುತ್ತಿದೆ. ಅದರಲ್ಲಿ ದೊಡ್ಡ ಪಾಲು ಈಗಾಗಲೇ ಬೀದಿಯಿಂದ ಮನೆಗೆ ಹೋದವರ ಬಾಡಿಗೆಗೆ ಹೋಗುತ್ತದೆ. ಅವರು ನಿಮಗೆ ಕಾಣುವುದಿಲ್ಲವಲ್ಲ, ಹಾಗಾಗಿ "ದುಡ್ಡು ಎಲ್ಲಿ ಹೋಯಿತು" ಅನ್ನಿಸುತ್ತದೆ. ನ್ಯೂಯಾರ್ಕಿನಲ್ಲಿ ಮನೆ ಇಲ್ಲದವರು ಇಲ್ಲಿಗಿಂತ ಎಷ್ಟೋ ಪಟ್ಟು ಜಾಸ್ತಿ, ಲಕ್ಷದ ಮೇಲೆ. ಆದರೆ 1981ರ ಒಂದು ಕೋರ್ಟ್ ಒಪ್ಪಂದದಿಂದಾಗಿ ಕೇಳಿದವರಿಗೆ ಹಾಸಿಗೆ ಕೊಡಲೇಬೇಕು ಅನ್ನುವ ಹೊಣೆ ಆ ನಗರದ ಮೇಲಿದೆ. ಬಹುತೇಕ ಎಲ್ಲರೂ ರಾತ್ರಿ ಒಳಗಿರುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2024ರ ಎಣಿಕೆಯಲ್ಲಿ ಸಿಕ್ಕಿದ್ದು 8,300ರಷ್ಟು ಜನ, ಅರ್ಧಕ್ಕಿಂತ ಜಾಸ್ತಿ ಹೊರಗೆ.

"ಎತ್ತಿ ಒಳಗೆ ಹಾಕಬಾರದಾ?" ಅಂತ ನಿಮ್ಮ ಟೀಮಿನವರು ಕೇಳಿದರಂತೆ. ಬೆಂಗಳೂರಿನಲ್ಲಿ ಅದನ್ನೇ ಮಾಡಿದ್ದೇವೆ. 1975ರಿಂದ ಭಿಕ್ಷಾಟನೆ ನಿಷೇಧ ಕಾಯ್ದೆ ಇದೆ. ನಿಮ್ಮ ಅಪ್ಪ ಕಟ್ಟುವ ಆಸ್ತಿ ತೆರಿಗೆ ರಸೀದಿ ತೆಗೆದು ನೋಡಿ, ಅದರಲ್ಲಿ ಭಿಕ್ಷುಕರ ಕರ ಅಂತ ಒಂದು ಸಾಲು ಇರುತ್ತದೆ. ಹಿಡಿದವರನ್ನು ಮಾಗಡಿ ರಸ್ತೆಯ ಬೆಗ್ಗರ್ಸ್ ಕಾಲನಿಗೆ ಹಾಕುತ್ತಿದ್ದರು. 2010ರಲ್ಲಿ ಅಲ್ಲಿ ಸಾಲುಸಾಲಾಗಿ ಜನ ಸತ್ತಾಗಲೇ ಒಳಗೆ ಏನು ನಡೆಯುತ್ತಿದೆ ಅಂತ ಊರಿಗೆ ಗೊತ್ತಾಗಿದ್ದು. ರಸ್ತೆ ಚೊಕ್ಕ ಕಂಡಿದ್ದಕ್ಕೆ ಅದೂ ಒಂದು ಕಾರಣ.

ಇಲ್ಲಿ ಈಗ ಗಾಳಿ ಆ ಕಡೆಗೇ ಬೀಸುತ್ತಿದೆ. ಮಲಗಲು ಬೇರೆ ಜಾಗ ಕೊಡದೆ, ಹೊರಗೆ ಮಲಗಿದ್ದಕ್ಕೆ ಶಿಕ್ಷೆ ಕೊಡುವಂತಿಲ್ಲ ಅಂತ 2018ರಲ್ಲಿ ಈ ಭಾಗದ ಕೋರ್ಟ್ ಹೇಳಿತ್ತು. 2024ರ ಜೂನಿನಲ್ಲಿ ಸುಪ್ರೀಂ ಕೋರ್ಟ್ ಆರಕ್ಕೆ ಮೂರು ಮತದಿಂದ ಅದನ್ನು ತಿರುವಿ ಹಾಕಿತು. ಪಕ್ಕದ ಆರೆಗನ್ ರಾಜ್ಯದ ಗ್ರಾಂಟ್ಸ್ ಪಾಸ್ ಅನ್ನುವ ಪುಟ್ಟ ಊರಿನ ಕೇಸು. ಮುಂದಿನ ತಿಂಗಳೇ ಕ್ಯಾಲಿಫೋರ್ನಿಯಾದ ಗವರ್ನರ್ ನ್ಯೂಸಮ್ ಡೇರೆ ಎತ್ತಿಸುವ ಆದೇಶ ಹೊರಡಿಸಿದರು. ಡೇರೆ ಎತ್ತಿಸಿದಾಗ ಏನಾಗುತ್ತದೆ ಅಂತ ಶೆಲ್ಟರಿನ ಕೇಸ್ ವರ್ಕರ್‌ಗಳನ್ನು ಕೇಳಬೇಕು. ಲಾರಿಗೆ ಹೋಗುವ ಗಂಟಿನಲ್ಲಿ ಐಡಿ ಇರುತ್ತದೆ, ಜನನ ಪತ್ರ ಇರುತ್ತದೆ, ಮಾತ್ರೆ ಇರುತ್ತದೆ, ಫೋನ್ ಇರುತ್ತದೆ. ಎರಡು ವರ್ಷ ಕಾದ ಮೇಲೆ ಮನೆಯ ಸರದಿ ಬಂದಾಗ ಕಾಗದ ಇಲ್ಲ. ಆ ಮನುಷ್ಯ ಎಲ್ಲಿದ್ದಾನೆ ಅಂತಲೂ ಗೊತ್ತಿಲ್ಲ. ಮತ್ತೆ ಮೊದಲಿಂದ.

ಹಾಗಂತ ಡೇರೆ ಹಾಗೇ ಇರಲಿ ಅಂತ ನಾನು ಹೇಳುತ್ತಿಲ್ಲ. ಗಾಲಿಕುರ್ಚಿಯವರು, ಮಗುವಿನ ಗಾಡಿ ತಳ್ಳುವವರು ರಸ್ತೆಗಿಳಿದು ಹೋಗಬೇಕಾದ ಫುಟ್‌ಪಾತ್ ಯಾರಿಗೂ ಒಳ್ಳೆಯದಲ್ಲ. ಟೆಂಡರ್‌ಲಾಯ್ನ್‌ ಬಡಾವಣೆಯಲ್ಲಿ ಬಡವರ ಮಕ್ಕಳೇ ಅದರ ನಡುವೆ ಸ್ಕೂಲಿಗೆ ಹೋಗುವುದು. ಆದರೆ ಎಬ್ಬಿಸುವ ಮುಂಚೆ ಹೋಗಲು ಜಾಗ ಇರಬೇಕು. ಹ್ಯೂಸ್ಟನ್ ನೋಡಿ. ಟೆಕ್ಸಸ್, ಮೆತ್ತಗಿನ ಮನಸ್ಸಿನವರ ಊರು ಅಂತ ಯಾರೂ ಹೇಳುವುದಿಲ್ಲ. ಹತ್ತಾರು ಸಂಸ್ಥೆಗಳು ತಮ್ಮ ತಮ್ಮ ಪಟ್ಟಿ ಬಿಟ್ಟು ಒಂದೇ ಪಟ್ಟಿ ಮಾಡಿಕೊಂಡವು. ಮೊದಲು ಮನೆಯ ಬೀಗದ ಕೈ, ಚಿಕಿತ್ಸೆ ಆಮೇಲೆ. 2011ರಿಂದೀಚೆಗೆ ಅಲ್ಲಿ ಮನೆ ಇಲ್ಲದವರ ಸಂಖ್ಯೆ ಅರ್ಧಕ್ಕಿಂತ ಕೆಳಗೆ ಇಳಿಯಿತು. ಅಲ್ಲಿ ಮನೆ ಕಟ್ಟುವುದು ಸುಲಭ, ಬಾಡಿಗೆ ಕಡಿಮೆ ಅನ್ನುವುದೂ ಜೊತೆಗಿದೆ.

ಕಾಸು ಕೊಡಬೇಕಾ ಅಂತ ಕೇಳಿದಿರಿ. ನಿಮ್ಮಿಷ್ಟ. ಹೊಸ ಕಾಲುಚೀಲ ಕೊಟ್ಟರೆ ಬೇಡ ಅನ್ನುವವರನ್ನು ನಾನು ನೋಡಿಲ್ಲ. ಯುಗಾದಿ ಊಟ ಮಿಕ್ಕಿತು ಅಂತ ಪುಳಿಯೋಗರೆ ಡಬ್ಬಿ ಹಿಡಿದು ಹೊರಡಬೇಡಿ, ನಮ್ಮ ಖಾರಕ್ಕೆ ಅವರ ಹೊಟ್ಟೆ ಒಗ್ಗಿಲ್ಲ, ಬಹಳ ಜನಕ್ಕೆ ಹಲ್ಲೂ ಇಲ್ಲ.

ನಿಜವಾಗಿ ನಿಮ್ಮ ಕೈಯಲ್ಲಿರುವುದು ಫ್ರೀಮಾಂಟಿನಲ್ಲೇ ಇದೆ. ನಮ್ಮ ಕಡೆ ಶೆಲ್ಟರೋ ಬಡವರ ಅಪಾರ್ಟ್‌ಮೆಂಟೋ ಬರುತ್ತದೆ ಅಂದರೆ ನಗರಸಭೆಯ ಹಾಲ್ ತುಂಬುತ್ತದೆ. ಮೈಕಿನ ಮುಂದೆ ನಿಂತು ಬೇಡ ಅನ್ನುವವರಲ್ಲಿ ನಮ್ಮವರು ಕಡಿಮೆ ಇಲ್ಲ. "ಸ್ಕೂಲಿಗೆ ಹತ್ತಿರ", "ಮನೆ ಬೆಲೆ ಬೀಳುತ್ತೆ", "ಬೇರೆ ಕಡೆ ಮಾಡಿ". ದೀಪಾವಳಿಗೆ ಫುಡ್ ಬ್ಯಾಂಕಿಗೆ ಅಕ್ಕಿ ಮೂಟೆ ಕೊಟ್ಟು ಫೋಟೋ ಹಾಕಿದವರೇ ಇವರು. ಇದು ನನಗೆ ಸಿಟ್ಟು ಬರಿಸುತ್ತದೆ, ಮುಚ್ಚಿಡುವುದಿಲ್ಲ. ಫ್ರೀಮಾಂಟ್ 2025ರ ಫೆಬ್ರವರಿಯಲ್ಲಿ ಡೇರೆ ಹಾಕುವುದನ್ನು ಪೂರ್ತಿ ನಿಷೇಧಿಸಿತು. ಡೇರೆಯವರಿಗೆ ಕುಮ್ಮಕ್ಕು ಕೊಟ್ಟವರ ಮೇಲೂ ಕೇಸು ಹಾಕಬಹುದು ಅನ್ನುವ ಸಾಲು ಅದರಲ್ಲಿತ್ತು. ಹಾಗಾದರೆ ಊಟ, ಕಂಬಳಿ ಕೊಡುವವರ ಗತಿ ಏನು ಅಂತ ಜನ ಗಲಾಟೆ ಮಾಡಿದರು. ಮಾರ್ಚಿನಲ್ಲಿ ಆ ಸಾಲನ್ನು ತೆಗೆದರು. ಮಾತಾಡಿದರೆ ಕೇಳಿಸಿಕೊಳ್ಳುತ್ತಾರೆ ಅನ್ನುವುದಕ್ಕೆ ಹೇಳಿದೆ.

ನಿಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೂ ಒಂದು ದಿನ "ಸೇವ್ ಅವರ್ ನೈಬರ್‌ಹುಡ್" ಅಂತ ಅರ್ಜಿ ಬರುತ್ತದೆ, ಪಕ್ಕದ ಮನೆಯ ರಾವ್ ಅಂಕಲ್ಲೇ ಕಳಿಸಿರುತ್ತಾರೆ. ಸಹಿ ಹಾಕುವ ಮುಂಚೆ ಆ ಯೋಜನೆಯ ಕಾಗದ ನಗರಸಭೆಯ ವೆಬ್‌ಸೈಟಿನಿಂದ ಇಳಿಸಿಕೊಂಡು ಓದಿ. ಎಷ್ಟು ಹಾಸಿಗೆ, ಯಾರು ನಡೆಸುತ್ತಾರೆ, ರಾತ್ರಿ ಕಾವಲು ಇದೆಯಾ, ಎಲ್ಲಾ ಅದರಲ್ಲಿ ಇರುತ್ತದೆ. ವೀಸಾದವರಿಗೆ ಓಟಿಲ್ಲ, ಆದರೆ ಸಭೆಯಲ್ಲಿ ಎದ್ದು ಮಾತಾಡಲು ಯಾರೂ ಪಾಸ್‌ಪೋರ್ಟ್ ಕೇಳುವುದಿಲ್ಲ. ಮೈಕಿನ ಹತ್ತಿರ ಹೋಗಲು ಸಂಕೋಚವಾದರೆ ಈಮೇಲ್ ಹಾಕಿ, ಅದೂ ಕಡತಕ್ಕೆ ಸೇರುತ್ತದೆ.