ಮೊಬೈಲ್ ಕಟ್ಟೆ: ಆ್ಯಪ್ ಯಾಕೆ ಇನ್‌ಸ್ಟಾಲ್ ಆಗ್ತಿಲ್ಲ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವರದು ಒಂದೇ ದೂರು. ಆ್ಯಪ್ ಇನ್‌ಸ್ಟಾಲ್ ಆಗ್ತಿಲ್ಲ. ಅರಸೀಕೆರೆ ರೈಲ್ವೆ ಸ್ಟೇಷನ್ ರಸ್ತೆಯಲ್ಲಿರುವ ನನ್ನ ಅಂಗಡಿಗೆ ಬರುವವರೂ ಇದನ್ನೇ ಹೇಳುತ್ತಾರೆ. ಸ್ಕ್ರೀನ್ ಮೇಲೆ ಏನಂತ ಬಂತು ಎಂದು ಕೇಳಿದರೆ, "ಏನೋ ಇಂಗ್ಲಿಷಲ್ಲಿ ಬಂತು, ಓಕೆ ಒತ್ತಿಬಿಟ್ಟೆ" ಅನ್ನುತ್ತಾರೆ. ಅಲ್ಲ ಸ್ವಾಮಿ, ಕಾರಣ ಇದ್ದದ್ದೇ ಆ ಸಾಲಿನಲ್ಲಿ! ಮುಂದಿನ ಸಲ ಓಕೆ ಒತ್ತುವ ಮೊದಲು ಪವರ್ ಬಟನ್ನು, ವಾಲ್ಯೂಮ್ ತಗ್ಗಿಸುವ ಬಟನ್ನು ಎರಡನ್ನೂ ಒಟ್ಟಿಗೆ ಒತ್ತಿ ಸ್ಕ್ರೀನ್‌ಶಾಟ್ ತೆಗೆಯಿರಿ. ನನಗೆ ಬರೆಯುವಾಗಲೂ ಆ ಸಾಲನ್ನು ಇದ್ದ ಹಾಗೇ ಬರೆದು ಕಳಿಸಿ.

ಮೇಡಂ, ನನ್ನದು 32 ಜಿಬಿ ಫೋನು. 128 ಜಿಬಿ ಮೆಮೊರಿ ಕಾರ್ಡ್ ಬೇರೆ ಹಾಕಿಸಿದ್ದೇನೆ. ಆದರೂ ಯಾವ ಆ್ಯಪ್ ಹಾಕಲು ಹೋದರೂ ಜಾಗ ಇಲ್ಲ ಅನ್ನುತ್ತದೆ. ಕಾರ್ಡ್ ಮಾರಿದವನು ಮೋಸ ಮಾಡಿದನೇ?
ನಿವೃತ್ತ ಶಿಕ್ಷಕರು, ತಿಪಟೂರು

ಇದರಲ್ಲಿ ಅವನ ತಪ್ಪಿಲ್ಲ ಮೇಷ್ಟ್ರೇ. ಕಾರ್ಡ್ ಇರುವುದು ಫೋಟೊ, ವಿಡಿಯೊ, ಹಾಡು ಇಡಲಿಕ್ಕೆ. ಆ್ಯಪ್‌ಗಳು ಕೂರುವುದು ಫೋನಿನ ಒಳಗಿನ ಸ್ಟೋರೇಜಿನಲ್ಲಿ. ಕೆಲವು ಫೋನುಗಳಲ್ಲಿ ಕೆಲವು ಆ್ಯಪ್‌ಗಳನ್ನು ಕಾರ್ಡಿಗೆ ಸಾಗಿಸಬಹುದು, ಆದರೆ ಆಗಲೂ ಪೂರ್ತಿ ಹೋಗುವುದಿಲ್ಲ. ಇನ್ನು ಡಬ್ಬದ ಮೇಲೆ 32 ಜಿಬಿ ಎಂದಿದ್ದರೂ ಅದರಲ್ಲಿ ಒಳ್ಳೆಯ ಪಾಲನ್ನು ಆಂಡ್ರಾಯ್ಡ್ ಮತ್ತು ಕಂಪನಿಯವರು ಮೊದಲೇ ತುಂಬಿಟ್ಟ ಆ್ಯಪ್‌ಗಳು ಹಿಡಿದಿರುತ್ತವೆ.

ಇನ್ನೊಂದು ವಿಷಯ. ಪ್ಲೇ ಸ್ಟೋರ್‌ನಲ್ಲಿ 60 ಎಂಬಿ ಎಂದು ತೋರಿಸಿದರೆ ಅಷ್ಟೇ ಜಾಗ ಸಾಕು ಅಂದುಕೊಳ್ಳುತ್ತೇವೆ. ಅದು ಮಡಚಿ ಕಟ್ಟಿದ ಗಂಟಿನ ಅಳತೆ. ಫೋನು ಅದನ್ನು ಬಿಚ್ಚಿ ಹರಡಬೇಕು. ಆಮೇಲೆ ತನ್ನ ಪ್ರೊಸೆಸರಿಗೆ ಹೊಂದುವ ಹಾಗೆ ಇನ್ನಷ್ಟು ಫೈಲ್ ಮಾಡಿಕೊಳ್ಳಬೇಕು. ಅಪ್‌ಡೇಟ್ ಆದರಂತೂ ಹಳೆಯದೂ ಹೊಸದೂ ಸ್ವಲ್ಪ ಹೊತ್ತು ಒಟ್ಟಿಗೇ ಇರಬೇಕಾಗುತ್ತದೆ. ಅದಕ್ಕೇ ಯಾವಾಗಲೂ ಒಂದೆರಡು ಜಿಬಿ ಖಾಲಿ ಇರಲಿ ಅಂತ ನಾನು ಹೇಳುತ್ತಿರುತ್ತೇನೆ.

ಜಾಗ ಎಲ್ಲಿ ಸಿಗುತ್ತದೆ? ಮೊದಲು ವಾಟ್ಸ್‌ಆ್ಯಪ್ ನೋಡಿ. ಅದರ ಸೆಟ್ಟಿಂಗ್ಸ್‌ನಲ್ಲಿ 'ಸ್ಟೋರೇಜ್ ಅಂಡ್ ಡೇಟಾ', ಅದರೊಳಗೆ 'ಮ್ಯಾನೇಜ್ ಸ್ಟೋರೇಜ್'. ಹಲವು ಸಲ ಫಾರ್ವರ್ಡ್ ಆಗಿ ಬಂದವು ಒಂದು ಕಡೆ, 5 ಎಂಬಿಗಿಂತ ದೊಡ್ಡವು ಇನ್ನೊಂದು ಕಡೆ ಪಟ್ಟಿಯಾಗಿರುತ್ತವೆ. ನಿಮ್ಮ ಹಳೆಯ ವಿದ್ಯಾರ್ಥಿಗಳ ಗುಂಪು, ಬಡಾವಣೆ ಗುಂಪು, ನೆಂಟರ ಗುಂಪು, ಎಲ್ಲ ಕಡೆಯಿಂದಲೂ ಬಂದ ಶುಭೋದಯದ ವಿಡಿಯೊಗಳು ಅಲ್ಲೇ ಕೂತಿರುತ್ತವೆ. ಕಣ್ಣು ಮುಚ್ಚಿ ಅಳಿಸಿ. ಮತ್ತೆ ತುಂಬದ ಹಾಗೆ 'ಮೀಡಿಯಾ ಆಟೊ ಡೌನ್‌ಲೋಡ್' ನಿಲ್ಲಿಸಿ. ಗ್ಯಾಲರಿಯಿಂದ ಅಳಿಸಿದ್ದು ಕೂಡಲೇ ಹೋಗುವುದಿಲ್ಲ, ಸಾಮಾನ್ಯವಾಗಿ ಒಂದು ತಿಂಗಳು ಟ್ರ್ಯಾಶ್‌ನಲ್ಲಿ ಇರುತ್ತದೆ. ಅದನ್ನೂ ಖಾಲಿ ಮಾಡಿದರೆ ಮಾತ್ರ ಜಾಗ ಸಿಗುವುದು.

ಹೆಚ್ಚು ಜನಕ್ಕೆ ಗೊತ್ತಿಲ್ಲದ ಒಂದು ಜಾಗ ಕಳ್ಳ ಇದೆ. ರ್‍ಯಾಮ್ ಜಾಸ್ತಿ ಮಾಡಿಕೊಡುತ್ತೇವೆ ಎಂದು ಕಂಪನಿಗಳು ಜಾಹೀರಾತಿನಲ್ಲಿ ಹೇಳುತ್ತವಲ್ಲ, ಆ 'ವರ್ಚುವಲ್ ರ್‍ಯಾಮ್' ನಿಮ್ಮ ಸ್ಟೋರೇಜನ್ನೇ ತಿನ್ನುತ್ತದೆ. 32 ಜಿಬಿಯಲ್ಲಿ ಅದಕ್ಕೇ 2 ಜಿಬಿ ಹೋದರೆ ಉಳಿಯುವುದೇನು? ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿ ಫೋನನ್ನು ರೀಸ್ಟಾರ್ಟ್ ಮಾಡಿ.

'ಫೋನ್ ಕ್ಲೀನರ್' ಎಂಬ ಹೆಸರಿನ ಆ್ಯಪ್‌ಗಳನ್ನು ಮಾತ್ರ ಹಾಕಬೇಡಿ. ಜಾಗ ಇಲ್ಲದ ಫೋನಿಗೆ ಇನ್ನೊಂದು ಆ್ಯಪ್, ಅದರ ತುಂಬ ಜಾಹೀರಾತು. ಅದು ಮಾಡುವ ಕೆಲಸವನ್ನು ನಿಮ್ಮ ಫೋನಿನ ಸ್ಟೋರೇಜ್ ಪುಟವೇ ಪುಕ್ಕಟೆ ಮಾಡಿಕೊಡುತ್ತದೆ.

ಅಕ್ಕಾ, ಇನ್‌ಸ್ಟಾಲ್ ಒತ್ತಿದರೆ 'ಡೌನ್‌ಲೋಡ್ ಪೆಂಡಿಂಗ್' ಅಂತ ಸುಮ್ನೆ ತಿರುಗ್ತಾ ಇರುತ್ತೆ. ಡೇಟಾ ಇದೆ, ಯೂಟ್ಯೂಬ್ ಚೆನ್ನಾಗಿ ಓಡುತ್ತೆ. ನಮ್ಮ ಹಾಸ್ಟೆಲಿನಲ್ಲಿ ವೈಫೈ ಇಲ್ಲ.
ಪದವಿ ವಿದ್ಯಾರ್ಥಿನಿ, ಧಾರವಾಡ

ವೈಫೈ ಇಲ್ಲ ಅಂದಿದ್ದೇ ಸುಳಿವು ನೋಡಮ್ಮ. ಪ್ಲೇ ಸ್ಟೋರ್ ತೆರೆದು ಮೇಲಿನ ಮೂಲೆಯ ನಿನ್ನ ಫೋಟೊ ಒತ್ತು. ಸೆಟ್ಟಿಂಗ್ಸ್, ಅದರಲ್ಲಿ 'ನೆಟ್‌ವರ್ಕ್ ಪ್ರಿಫರೆನ್ಸಸ್', ಆಮೇಲೆ 'ಆ್ಯಪ್ ಡೌನ್‌ಲೋಡ್ ಪ್ರಿಫರೆನ್ಸ್'. ಅಲ್ಲಿ 'ಓವರ್ ವೈಫೈ ಓನ್ಲಿ' ಎಂದು ಇರಬಹುದು. 'ಓವರ್ ಎನಿ ನೆಟ್‌ವರ್ಕ್' ಮಾಡು.

ಅದು ಸರಿಯಾಗೇ ಇದ್ದರೆ, ಬೇರೆ ಆ್ಯಪ್‌ಗಳ ಅಪ್‌ಡೇಟ್ ಮುಂದೆ ಸಾಲು ನಿಂತಿರುತ್ತದೆ. ಅದೇ ಫೋಟೊ ಒತ್ತಿ 'ಮ್ಯಾನೇಜ್ ಆ್ಯಪ್ಸ್ ಅಂಡ್ ಡಿವೈಸ್'ಗೆ ಹೋಗಿ ಅವನ್ನೆಲ್ಲ ನಿಲ್ಲಿಸು, ನಿನಗೆ ಬೇಕಾದದ್ದು ಮೊದಲು ಇಳಿಯಲಿ. ಜಾಹೀರಾತು ಬರಬಾರದು ಅಂತ ಗೆಳತಿಯರು ಯಾರಾದರೂ 'ಪ್ರೈವೇಟ್ ಡಿಎನ್‌ಎಸ್' ಹಾಕಿಕೊಟ್ಟಿದ್ದಾರಾ? ಇಂಟರ್ನೆಟ್ಟನ್ನು ಬೇರೆ ದಾರಿಯಿಂದ ಸುತ್ತಿಸುವ ವಿಪಿಎನ್ ಆ್ಯಪ್ ಇದೆಯಾ? ಅವೆರಡನ್ನೂ ಆಫ್ ಮಾಡಿ ನೋಡು. ಯೂಟ್ಯೂಬ್ ಓಡಿದರೂ ಡೌನ್‌ಲೋಡ್ ನಿಂತುಹೋಗುವುದು ಎಷ್ಟೋ ಸಲ ಇದರಿಂದಲೇ.

ಮುಂಗಾರು ಬೆಳೆ ಸಮೀಕ್ಷೆ ಆ್ಯಪ್ ಹಾಕಲು ಹೋದರೆ ನಿಮ್ಮ ಫೋನಿಗೆ ಹೊಂದುವುದಿಲ್ಲ ಎಂದು ಬರುತ್ತಿದೆ. ಫೋನು ಹಳೆಯದು, ಆದರೆ ಚೆನ್ನಾಗಿದೆ. ಏನು ಮಾಡಲಿ ತಾಯಿ?
ರೈತರು, ಚನ್ನಗಿರಿ ತಾಲ್ಲೂಕು

ಯಜಮಾನರೇ, ಫೋನು ಚೆನ್ನಾಗಿದೆ ಅನ್ನುವುದನ್ನು ನಂಬುತ್ತೇನೆ. ಹಳೆಯ ಫೋನುಗಳ ಗಟ್ಟಿತನ ಹೊಸವಕ್ಕೆ ಇಲ್ಲ. ಆದರೆ ಒಳಗಿನ ಆಂಡ್ರಾಯ್ಡ್‌ಗೆ ವಯಸ್ಸಾಗಿದೆ. ಸೆಟ್ಟಿಂಗ್ಸ್‌ನಲ್ಲಿ 'ಅಬೌಟ್ ಫೋನ್' ಒತ್ತಿದರೆ ಆಂಡ್ರಾಯ್ಡ್ ಎಷ್ಟನೆಯದು ಎಂದು ತಿಳಿಯುತ್ತದೆ. ಪ್ರತಿ ಆ್ಯಪ್ ಮಾಡಿದವರೂ ಇಂಥ ಆಂಡ್ರಾಯ್ಡ್‌ನಿಂದ ಮೇಲಕ್ಕೆ ಮಾತ್ರ ಎಂದು ಗೆರೆ ಹಾಕಿರುತ್ತಾರೆ. ಪ್ಲೇ ಸ್ಟೋರ್‌ನಲ್ಲಿ 'ಅಬೌಟ್ ದಿಸ್ ಆ್ಯಪ್' ತೆರೆದು ಕೆಳಗಿನವರೆಗೆ ಹೋದರೆ ಆ ಅಂಕಿ ಕಾಣುತ್ತದೆ. ಆಂಡ್ರಾಯ್ಡ್ 4.4 ಇರುವ ಫೋನುಗಳಿಗೆ ಗೂಗಲ್ 2023ರಲ್ಲಿ, ಆ್ಯಪ್‌ಗಳು ನಡೆಯಲು ಒಳಗಿನಿಂದ ನೆರವಾಗುವ ತನ್ನ ಪ್ಲೇ ಸರ್ವೀಸಸ್‌ನ ಹೊಸ ಅಪ್‌ಡೇಟ್ ಕೊಡುವುದನ್ನೇ ನಿಲ್ಲಿಸಿತು. ಅದೇ ವರ್ಷ ವಾಟ್ಸ್‌ಆ್ಯಪ್ ಕೂಡ ಆಂಡ್ರಾಯ್ಡ್ 5ಕ್ಕಿಂತ ಹಳೆಯದನ್ನು ಕೈಬಿಟ್ಟಿತು. ಗಟ್ಟಿಮುಟ್ಟಾದ ಫೋನನ್ನು ಹೀಗೆ ಮೂಲೆಗೆ ತಳ್ಳುವುದು ನನಗೂ ಸರಿ ಕಾಣುವುದಿಲ್ಲ. ಆದರೆ ಅದನ್ನು ಬದಲಾಯಿಸಲು ನನ್ನ ಸ್ಕ್ರೂಡ್ರೈವರಿಂದ ಆಗದು.

ಮೊದಲು 'ಸಿಸ್ಟಂ ಅಪ್‌ಡೇಟ್' ಏನಾದರೂ ಬಾಕಿ ಇದೆಯೇ ನೋಡಿ. ಇಲ್ಲವಾದರೆ ಸಮೀಕ್ಷೆಯ ಸಲುವಾಗಿ ಹೊಸ ಫೋನು ತರಬೇಡಿ. ಮಗನದ್ದೋ ಪಕ್ಕದ ಹೊಲದವರದ್ದೋ ಫೋನು ತೆಗೆದುಕೊಂಡು ಹೋಗಿ. ಆದರೆ ಫೋಟೊವನ್ನು ಹೊಲದಲ್ಲೇ ನಿಂತು ತೆಗೆಯಬೇಕು, ಜಿಪಿಎಸ್ ಜಾಗವನ್ನು ನೋಡುತ್ತದೆ. ಅದೂ ಆಗದಿದ್ದರೆ ರೈತ ಸಂಪರ್ಕ ಕೇಂದ್ರದಲ್ಲಿ ನಿಮ್ಮ ಊರಿನ ಬೆಳೆ ಸಮೀಕ್ಷೆಗೆ ನೇಮಿಸಿದ ಪಿ.ಆರ್. (ಖಾಸಗಿ ನಿವಾಸಿ) ಯಾರು ಎಂದು ಕೇಳಿ. ಇನ್ನೊಂದು ಮಾತು, ಮುಂಗಾರಿನದು ಹಿಂಗಾರಿನದು ಬೇರೆ ಬೇರೆ ಇರುತ್ತವೆ. ಹೆಸರಿನಲ್ಲಿ ಈ ವರ್ಷ, ಈ ಹಂಗಾಮು ಇದೆಯೇ ನೋಡಿಕೊಂಡು ಇಳಿಸಿ.

ನನ್ನ ಆಟೊಗೆ ಫೈನ್ ಬಿದ್ದಿದೆ ಅಂತ ವಾಟ್ಸ್‌ಆ್ಯಪ್‌ನಲ್ಲಿ ಒಂದು ಎಪಿಕೆ ಫೈಲ್ ಬಂತು. ಇನ್‌ಸ್ಟಾಲ್ ಮಾಡಲು ಹೋದರೆ ಫೋನ್ ಬ್ಲಾಕ್ ಮಾಡುತ್ತೆ. ಹೇಗೆ ಹಾಕೋದು ಮೇಡಂ?
ಆಟೊ ಚಾಲಕರು, ಮೈಸೂರು

ಹಾಕಲೇಬೇಡಿ ಅಣ್ಣಾ! ನಿಮ್ಮ ಫೋನು ನಿಮ್ಮನ್ನು ಉಳಿಸಿದೆ. ಎಪಿಕೆ ಅಂದರೆ ಪ್ಲೇ ಸ್ಟೋರ್ ಬಿಟ್ಟು ನೇರವಾಗಿ ಹಾಕುವ ಆ್ಯಪ್ ಫೈಲು. ಯಾವ ಪೊಲೀಸರೂ ದಂಡದ ಚೀಟಿಯನ್ನು ಎಪಿಕೆ ಮಾಡಿ ಕಳಿಸುವುದಿಲ್ಲ. ಮದುವೆ ಕರೆಯೋಲೆ, ಬ್ಯಾಂಕ್ ಕೆವೈಸಿ, ಪಿಎಂ ಕಿಸಾನ್, ಕರೆಂಟ್ ಬಿಲ್ ಅಂತಲೂ ಇಂಥವು ಬರುತ್ತವೆ. ಹೆಸರು ಏನೇ ಇರಲಿ, ಒಳಗಿನ ಕೆಲಸ ಒಂದೇ. ಹಾಕಿದ ಕೂಡಲೇ ಎಸ್ಸೆಮ್ಮೆಸ್ ಓದಲು ಅನುಮತಿ ಕೇಳುತ್ತದೆ. ಕೊಟ್ಟರೆ ನಿಮಗೆ ಬರುವ ಓಟಿಪಿ ಅವರಿಗೂ ಹೋಗುತ್ತದೆ. ಆಮೇಲೆ ಅದೇ ಫೈಲು ನಿಮ್ಮ ಹೆಸರಿನಲ್ಲಿ ನಿಮ್ಮ ನೆಂಟರಿಗೆಲ್ಲ ಹೋಗಬಹುದು. ಅದಕ್ಕೇ ಇವು ಎಷ್ಟೋ ಸಲ ಗುರುತಿನವರ ನಂಬರಿನಿಂದಲೇ ಬರುವುದು. ನೀವು ಪತ್ರ ಬರೆದು ಕೇಳಿದ್ದು ಒಳ್ಳೆಯದಾಯಿತು. 'ಪ್ಲೇ ಪ್ರೊಟೆಕ್ಟ್ ಆಫ್ ಮಾಡಿ ಹಾಕಿ' ಎಂದು ಕಳಿಸಿದವರೇ ಹೇಳಿಕೊಡುತ್ತಾರೆ, ಅವರ ಮಾತು ಕೇಳಬೇಡಿ. ಕೆಟ್ಟ ಆ್ಯಪ್‌ಗಳನ್ನು ತಡೆಯುವ ಗೂಗಲ್‌ನ ಕಾವಲುಗಾರ ಅದು.

ಫೈನ್ ನಿಜವೋ ಸುಳ್ಳೋ ತಿಳಿಯಬೇಕಾದರೆ ಪರಿವಾಹನ್‌ನ ಇ-ಚಲನ್ ವೆಬ್‌ಸೈಟಿನಲ್ಲಿ ಗಾಡಿ ನಂಬರ್ ಹಾಕಿ ನೋಡಿ, ಇಲ್ಲವೇ ಹತ್ತಿರದ ಟ್ರಾಫಿಕ್ ಠಾಣೆಯಲ್ಲಿ ಕೇಳಿ.

ಓದುವವರಲ್ಲಿ ಯಾರಾದರೂ ಈಗಾಗಲೇ ಹಾಕಿಬಿಟ್ಟಿದ್ದರೆ: ಮೊದಲು ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ, ವೈಫೈಯನ್ನೂ ಆಫ್ ಮಾಡಿ. ಬೇರೆ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಖಾತೆ ತಡೆಹಿಡಿಸಿ. ಹಣ ಹೋಗಿದ್ದರೆ 1930ಕ್ಕೆ ತಡಮಾಡದೆ ಕರೆ ಮಾಡಿ. ಆ ಆ್ಯಪ್ ತೆಗೆಯುವುದು ಆಮೇಲೆ. ಅನ್‌ಇನ್‌ಸ್ಟಾಲ್ ಬಟನ್ ಮಸುಕಾಗಿದ್ದರೆ 'ಡಿವೈಸ್ ಅಡ್ಮಿನ್ ಆ್ಯಪ್ಸ್' ಪಟ್ಟಿಯಲ್ಲಿ ಅದರ ಟಿಕ್ ತೆಗೆದು ಮತ್ತೆ ನೋಡಿ.

ಹಿಂದೆ ಗೆಳೆಯ ಕೊಟ್ಟ ಫೈಲಿನಿಂದ ಒಂದು ಗೇಮ್ ಹಾಕಿಕೊಂಡಿದ್ದೆ. ಈಗ ಹೊಸ ವರ್ಷನ್ ಹಾಕಿದರೆ 'ಆ್ಯಪ್ ನಾಟ್ ಇನ್‌ಸ್ಟಾಲ್ಡ್' ಅಂತ ಬರುತ್ತೆ. ಜಾಗ ಬೇಕಾದಷ್ಟಿದೆ.
ಕುಂದಾಪುರದ ಓದುಗ

ಪ್ರತಿ ಆ್ಯಪ್‌ಗೂ ಮಾಡಿದವರ ಡಿಜಿಟಲ್ ಸಹಿ ಇರುತ್ತದೆ. ಹಳೆಯದರ ಸಹಿಯೂ ಹೊಸದರ ಸಹಿಯೂ ಬೇರೆಯಾದರೆ ಆಂಡ್ರಾಯ್ಡ್ ಒಂದರ ಮೇಲೆ ಇನ್ನೊಂದನ್ನು ಹಾಕಲು ಬಿಡುವುದಿಲ್ಲ. ನಿಮ್ಮ ಗೆಳೆಯ ಕೊಟ್ಟದ್ದನ್ನು ಯಾರೋ ತಿದ್ದಿರಬೇಕು. ಅದನ್ನು ತೆಗೆದುಹಾಕಿ ಪ್ಲೇ ಸ್ಟೋರ್‌ನಿಂದ ಹೊಸದಾಗಿ ಹಾಕಿ. ಆಟದಲ್ಲಿ ಏರಿದ ಲೆವೆಲ್ ಹೋಗಬಹುದು. ತೆಗೆದ ಮೇಲೂ ಅದೇ ಸಾಲು ಬಂದರೆ ಒಂದೇ ಆ್ಯಪ್‌ನ ಎರಡು ಪ್ರತಿ ಇಡುವ 'ಡ್ಯುಯಲ್ ಆ್ಯಪ್ಸ್' ಅಥವಾ ಫೋನಿನೊಳಗೆ ಇನ್ನೊಂದು ಫೋನಿನಂತಿರುವ 'ಸೆಕೆಂಡ್ ಸ್ಪೇಸ್'ನಲ್ಲಿ ಅದರ ಇನ್ನೊಂದು ಪ್ರತಿ ಅಡಗಿರುತ್ತದೆ, ಹುಡುಕಿ.

ಆಂಡ್ರಾಯ್ಡ್ 14 ಬಂದ ಮೇಲೆ ಇನ್ನೊಂದು ಕಾರಣವೂ ಸೇರಿದೆ. ಆಂಡ್ರಾಯ್ಡ್ 6ಕ್ಕಿಂತ ಹಿಂದಿನ ಕಾಲಕ್ಕೆಂದು ಬರೆದ ಆ್ಯಪ್‌ಗಳನ್ನು ಅದು ಒಳಗೇ ಬಿಡುವುದಿಲ್ಲ. ಹಳೆಯ ಆ್ಯಪ್‌ಗಳ ಫೈಲನ್ನು ಪೆನ್‌ಡ್ರೈವ್‌ನಲ್ಲಿ ಜೋಪಾನ ಮಾಡಿಟ್ಟವರು ಇದನ್ನು ಗಮನಿಸಿ.

ಹತ್ತು ವರ್ಷ ಕುವೈತಿನಲ್ಲಿದ್ದು ಊರಿಗೆ ಬಂದಿದ್ದೇನೆ. ಇಲ್ಲಿಯ ಕೆಲವು ಆ್ಯಪ್‌ಗಳು ನನ್ನ ಪ್ಲೇ ಸ್ಟೋರ್‌ನಲ್ಲಿ ಸಿಗುವುದೇ ಇಲ್ಲ, ನಿಮ್ಮ ದೇಶದಲ್ಲಿ ಇಲ್ಲ ಅನ್ನುತ್ತದೆ. ನಾನು ಕೂತಿರುವುದು ಬಂಟ್ವಾಳದಲ್ಲಿ!
ಬಂಟ್ವಾಳ

ನೀವು ಬಂದಿರಿ, ನಿಮ್ಮ ಗೂಗಲ್ ಖಾತೆ ಇನ್ನೂ ಕುವೈತಿನಲ್ಲೇ ಇದೆ. ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನ 'ಜನರಲ್'ನಲ್ಲಿ, ಖಾತೆಯ ವಿಭಾಗದೊಳಗೆ ದೇಶ ಬದಲಾಯಿಸುವ ಅವಕಾಶ ಇರುತ್ತದೆ. ಭಾರತದ ಒಂದು ಪೇಮೆಂಟ್ ವಿಧಾನ ಸೇರಿಸಬೇಕಾಗುತ್ತದೆ. ವರ್ಷಕ್ಕೆ ಒಂದೇ ಸಲ ಬದಲಾಯಿಸಬಹುದು, ಹಾಗಾಗಿ ಮತ್ತೆ ಬೇಗ ಹೊರಡುವ ಯೋಚನೆ ಇದ್ದರೆ ಮುಟ್ಟಬೇಡಿ. ಅಲ್ಲಿ ತುಂಬಿದ ಪ್ಲೇ ಬ್ಯಾಲೆನ್ಸ್ ಇದ್ದರೆ ಮೊದಲು ಖರ್ಚು ಮಾಡಿ, ಇಲ್ಲಿ ಅದು ನಡೆಯುವುದಿಲ್ಲ. ಇದೆಲ್ಲ ರಗಳೆ ಬೇಡ ಅಂದರೆ ಇಲ್ಲೇ ಹೊಸ ಜಿಮೇಲ್ ಮಾಡಿ ಫೋನಿಗೆ ಸೇರಿಸಿ, ಪ್ಲೇ ಸ್ಟೋರ್‌ನಲ್ಲಿ ಆ ಖಾತೆ ಆರಿಸಿಕೊಂಡು ಇಳಿಸಿ. ನಾನಾದರೆ ಹೀಗೇ ಮಾಡುತ್ತೇನೆ.

ಐಫೋನ್‌ನಲ್ಲಿ ಉಚಿತ ಆ್ಯಪ್ ಹಾಕಲು ಹೋದರೂ 'ವೆರಿಫಿಕೇಶನ್ ರಿಕ್ವೈರ್ಡ್' ಎಂದು ಕಾರ್ಡ್ ಕೇಳುತ್ತಿದೆ. ಯಾಕೆ?
ಬೆಂಗಳೂರು

ಯಾವುದೋ ಚಂದಾದ ಹಣ ಬಾಕಿ ಇರಬೇಕು. ಅದು ತೀರುವವರೆಗೆ ಉಚಿತವಾದದ್ದನ್ನೂ ತಡೆಯುತ್ತದೆ. ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಹೆಸರು ಒತ್ತಿ, 'ಮೀಡಿಯಾ ಅಂಡ್ ಪರ್ಚೇಸಸ್'ನಿಂದ ಖಾತೆ ತೆರೆದು ಪರ್ಚೇಸ್ ಹಿಸ್ಟರಿ ನೋಡಿ.

ಅಂಗಡಿಯೊಂದರಲ್ಲಿ ತೋರಿಸಿದೆ. ಫ್ಯಾಕ್ಟರಿ ರೀಸೆಟ್ ಮಾಡದೆ ಆ್ಯಪ್ ಇಳಿಯುವುದಿಲ್ಲ ಅಂದರು. ಮಾಡಿಸಲಾ ಅಕ್ಕಾ? ಮೊಮ್ಮಗಳ ಫೋಟೊ ಎಲ್ಲಾ ಅದರಲ್ಲೇ ಇದೆ.
ಗೃಹಿಣಿ, ಕಡೂರು

ಈಗಲೇ ಬೇಡಮ್ಮ. ರೀಸೆಟ್ ಅಂಗಡಿಯವರಿಗೆ ಸುಲಭ, ಕೂತು ಕಾರಣ ಹುಡುಕುವ ಕೆಲಸ ತಪ್ಪುತ್ತದೆ. ನಾವೂ ಅದೇ ಕಸುಬಿನವರು, ಅದಕ್ಕೇ ಧೈರ್ಯವಾಗಿ ಹೇಳುತ್ತಿದ್ದೇನೆ.

ಮೊದಲು ಒಮ್ಮೆ ಆಫ್ ಮಾಡಿ ಆನ್ ಮಾಡಿ. ತಮಾಷೆಯಲ್ಲ, ಅರ್ಧ ಇಳಿದು ಸಿಕ್ಕಿಕೊಂಡ ಡೌನ್‌ಲೋಡ್ ಇದರಿಂದಲೇ ಬಿಡುಗಡೆಯಾಗುತ್ತದೆ. ಆಮೇಲೆ ತಾರೀಖು, ಸಮಯ ನೋಡಿ. ಬ್ಯಾಟರಿ ಪೂರ್ತಿ ಸತ್ತು ಎದ್ದ ಹಳೆಯ ಫೋನುಗಳಲ್ಲಿ ಅದು ವರ್ಷಗಳಷ್ಟು ಹಿಂದಕ್ಕೆ ಹೋಗಿರುತ್ತದೆ. ತಾರೀಖು ತಪ್ಪಿದ್ದರೆ ಪ್ಲೇ ಸ್ಟೋರ್‌ಗೆ ಗೂಗಲ್ ಸರ್ವರಿನ ಮೇಲೆ ನಂಬಿಕೆಯೇ ಬರುವುದಿಲ್ಲ, ಸಂಪರ್ಕ ಕಡಿದುಬಿಡುತ್ತದೆ. 'ಆಟೊಮ್ಯಾಟಿಕ್' ಮಾಡಿ.

ಅದಾದ ಮೇಲೆ ಸೆಟ್ಟಿಂಗ್ಸ್‌ನ 'ಆ್ಯಪ್ಸ್' ಪಟ್ಟಿಯಲ್ಲಿ 'ಗೂಗಲ್ ಪ್ಲೇ ಸ್ಟೋರ್' ತೆರೆದು ಸ್ಟೋರೇಜ್ ಒತ್ತಿ, 'ಕ್ಲಿಯರ್ ಕ್ಯಾಶ್', ಸಾಲದಿದ್ದರೆ 'ಕ್ಲಿಯರ್ ಡೇಟಾ'. ಹೆದರಬೇಡಿ, ಪ್ಲೇ ಸ್ಟೋರ್‌ನ ಡೇಟಾ ಅಳಿಸಿದರೆ ನಿಮ್ಮ ಫೋಟೊ, ಆ್ಯಪ್ ಯಾವುದೂ ಹೋಗುವುದಿಲ್ಲ. ಅಲ್ಲೇ ಮೂರು ಚುಕ್ಕಿ ಒತ್ತಿ 'ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್' ಕೂಡ ಮಾಡಬಹುದು, ಅದು ತಾನೇ ಮತ್ತೆ ಅಪ್‌ಡೇಟ್ ಆಗುತ್ತದೆ. ಸಿಸ್ಟಂ ಆ್ಯಪ್‌ಗಳನ್ನೂ ತೋರಿಸುವಂತೆ ಮಾಡಿ 'ಡೌನ್‌ಲೋಡ್ ಮ್ಯಾನೇಜರ್' ಡಿಸೇಬಲ್ ಆಗಿದೆಯೇ ನೋಡಿ. ಬ್ಯಾಟರಿ ಉಳಿಯಲಿ ಎಂದು ಕಂಡದ್ದೆಲ್ಲ ಡಿಸೇಬಲ್ ಮಾಡಿಕೊಡುವ ಮನೆಯ ಹುಡುಗರು ಇದನ್ನೂ ಬಿಟ್ಟಿರುವುದಿಲ್ಲ.

ಇಷ್ಟೂ ಮಾಡಿ ಆಗದಿದ್ದರೆ ರೀಸೆಟ್ ಮಾಡಿಸಿ. ಅದಕ್ಕೆ ಮೊದಲು ಮೊಮ್ಮಗಳ ಫೋಟೊಗಳನ್ನು ಮಗನ ಲ್ಯಾಪ್‌ಟಾಪಿಗೋ ಕಾರ್ಡಿಗೋ ಕಾಪಿ ಮಾಡಿಸಿ, ಅಲ್ಲಿ ತೆರೆದು ಕಾಣುತ್ತಿವೆಯೇ ಎಂದು ನೀವೇ ನೋಡಿ. ಗೂಗಲ್ ಖಾತೆಯ ಪಾಸ್‌ವರ್ಡನ್ನು ಮನೆಯಲ್ಲಿ ಒಂದು ಪುಸ್ತಕದಲ್ಲಿ ಬರೆದಿಡಿ. ಬಟನ್ ಒತ್ತಿಹಿಡಿದು ರಿಕವರಿಯಿಂದ ರೀಸೆಟ್ ಮಾಡಿದರೆ, ಫೋನು ಎದ್ದ ಕೂಡಲೇ ಹಳೆಯ ಖಾತೆಯನ್ನೇ ಕೇಳುತ್ತದೆ. ಅದು ಗೊತ್ತಿಲ್ಲದೆ, ಫೋನು ಕೊಂಡ ಬಿಲ್ ಹಿಡಿದುಕೊಂಡು ನನ್ನ ಅಂಗಡಿಗೆ ಬರುವವರು ಬೇಕಾದಷ್ಟಿದ್ದಾರೆ.