ಕಾಗದ ಇಲ್ಲ ಅಂತ ಕೈಬಿಡಬೇಡಿ

ಹೊಸೂರು ಹತ್ತಿರದ ಡೆಂಕಣಿಕೋಟೆ ಕಡೆಯಿಂದ ಬರೆದಿರೋ ಓದುಗರಿಗೆ ನಮಸ್ಕಾರ. ಎರಡನೇ ಮಹಾಯುದ್ಧದಲ್ಲಿ ಜಪಾನಿನೋರು ಸಯಾಮಿನಿಂದ (ಈಗಿನ ಥಾಯ್ಲೆಂಡ್) ಬರ್ಮಾಕ್ಕೆ ಹಾಕಿಸಿದ ಸಯಾಂ-ಬರ್ಮಾ ರೈಲು ದಾರಿ ಕೆಲಸಕ್ಕೆ ಹೋಗಿ ಸತ್ತ ನಮ್ಮ ಸೀಮೆ ಕೂಲಿಯೋರ ಬಗ್ಗೆ ಪುಸ್ತಕ ಬರೀಬೇಕು ಅಂತ ಊರೂರು ತಿರುಗ್ತಿದ್ದೀರಿ, ಸಿಗೋದೆಲ್ಲಾ ಬಾಯಿಮಾತು, ಒಂದು ರೆಕಾರ್ಡೂ ಇಲ್ಲ, ಇದನ್ನ ಇತಿಹಾಸ ಅಂದ್ರೆ ಯಾರು ಒಪ್ತಾರೆ ಅಂತ ಕೇಳಿದ್ದೀರಿ.

ಬರೀರಿ ಸಾರ್. ರೆಕಾರ್ಡ್ ಯಾಕಿಲ್ಲ ಅನ್ನೋದೇ ಮೊದಲ ಚಾಪ್ಟರ್ ಆಗ್ಲಿ. 1942ರ ಫೆಬ್ರವರೀಲಿ ಸಿಂಗಾಪುರ ಜಪಾನಿನ ಕೈಗೆ ಬಿತ್ತು, ಕಂಗಾಣಿಗಳು, ಅಂದ್ರೆ ಕೂಲಿ ಜನ ಸೇರಿಸೋ ಮೇಸ್ತ್ರಿಗಳು, ಮಲಯಾದ (ಈಗಿನ ಮಲೇಷ್ಯಾ ಕಡೆ) ರಬ್ಬರ್ ತೋಟಕ್ಕೆ ಕರ್ಕೊಂಡು ಹೋಗಿದ್ದ ಜನ ಊರಿಗೆ ಬರೋಕೂ ದಾರಿಯಿಲ್ದೆ ಅಲ್ಲೇ ಸಿಕ್ಕಾಕೊಂಡ್ರು, ಅವರನ್ನ ಮೊದ್ಲು ಸಂಬಳದ ಆಸೆ ತೋರ್ಸಿ, ಆಮೇಲೆ ಬಲವಂತವಾಗಿ ಹಿಡಿದು ಗೂಡ್ಸ್ ಡಬ್ಬಿಗೆ ತುಂಬಿ ಈ ರೈಲು ದಾರಿ ಕೆಲಸಕ್ಕೆ ಸಾಗಿಸಿದ್ರು. 415 ಕಿ.ಮೀ. ದಾರಿ, 1943ರ ಅಕ್ಟೋಬರ್‌ಗೆ ಮುಗೀತು. ಜಪಾನಿನೋರು ಸೆರೆ ಹಿಡಿದು ಅದೇ ಕೆಲಸಕ್ಕೆ ಹಚ್ಚಿದ್ದ ಶತ್ರು ಸೋಲ್ಜರ್‌ಗಳಲ್ಲಿ, ಅಂದ್ರೆ ಯುದ್ಧಕೈದಿಗಳಲ್ಲಿ, 12 ಸಾವಿರಕ್ಕೂ ಹೆಚ್ಚು ಜನ ಅಲ್ಲಿ ಸತ್ರು, ಅವರ ಹೆಸರು, ರೆಜಿಮೆಂಟು ಎಲ್ಲಾ ಬರೆದಿಟ್ಟಿದೆ, ಥಾಯ್ಲೆಂಡಿನ ಕಾಂಚನಬುರಿಯ ಒಂದೇ ಸ್ಮಶಾನದಲ್ಲಿ ಸುಮಾರು 7 ಸಾವಿರ ಸಮಾಧಿ. ತಮಿಳರು, ಬರ್ಮಾದೋರು, ಜಾವಾದೋರು, ಹೀಗೆ ಏಷ್ಯಾದ ಕೂಲಿಗಳು ಸತ್ತಿದ್ದು 90 ಸಾವಿರ ಇರಬಹುದು ಅಂತ ಅಂದಾಜು. ಬರೀ ಅಂದಾಜು!

ಆ ವರ್ಷದ ಮಳೇಲಿ ಕಾಲರಾ ಬಂದಾಗ ಕೈದಿ ಸೋಲ್ಜರ್‌ಗಳ ಜೊತೆ ಅವರದ್ದೇ ಡಾಕ್ಟರ್‌ಗಳಿದ್ರು, ನೀರು ಕಾಯಿಸಿ ಕುಡೀರಿ ಅಂತ ಗದರೋ ಆಫೀಸರ್‌ಗಳಿದ್ರು. ಕೂಲಿಯೋರಿಗೆ ಯಾರಿದ್ರು? ಸತ್ತೋರನ್ನ ಗುಂಡೀಲಿ ಹಾಕಿ ಮುಂದಕ್ಕೆ ಹೋದ್ರು. ಇನ್ನು ನಮ್ಮೋರ ವಿಷಯಕ್ಕೆ ಬಂದ್ರೆ, ಹೊಸೂರು ತಾಲ್ಲೂಕು ಆಗ ಸೇಲಂ ಜಿಲ್ಲೆ, ಮನೇಲಿ ಕನ್ನಡ ಮಾತಾಡ್ತಾರೋ ತೆಲುಗೋ ಅಂತ ತೋಟದ ದೊರೆಗೆ ಏನಾಗಬೇಕಿತ್ತು, ಎಲ್ರೂ ತಮಿಳು ಕೂಲಿಗಳ ಲೆಕ್ಕಕ್ಕೇ ಸೇರಿರ್ತಾರೆ ಅಂತ ನನ್ನ ಅನುಮಾನ.

ಒಂದೇ ಕಂಡೀಷನ್ನು. ಕಣ್ಣಾರೆ ಕಂಡಿದ್ದು ಯಾರು, ಕೇಳಿದ್ದು ಯಾರು ಅಂತ ಬಿಡಿಸಿ ಬರೀರಿ. ಎರಡು ಮನೆಯೋರು ಎರಡು ಥರ ಹೇಳಿದ್ರೆ ಎರಡೂ ಹಾಕಿ, ನೀವೇ ಸರಿ ಮಾಡೋಕೆ ಹೋಗ್ಬೇಡಿ. ಇಲ್ಲಿ ಉಳಿದ ಹೆಂಗಸರ ಮನೆತನದೋರನ್ನೂ ಕೇಳಿ, ಗಂಡ ಸತ್ನೋ ಇದ್ದಾನೋ ಗೊತ್ತಿಲ್ದೆ ಕುಂಕುಮ ಇಟ್ಕೊಂಡೋ ಅಳಿಸ್ಕೊಂಡೋ ಬದುಕಿದೋರ ಕಥೆ ಕೈದಿಗಳ ಡೈರೀಲಿ ಎಲ್ಲಿಂದ ಸಿಗ್ಬೇಕು. ಕಣ್ಣೀರಿನ ಡೈಲಾಗ್ ಮಾತ್ರ ನೀವಾಗೇ ಸೇರಿಸ್ಬೇಡಿ, ಅಂಥದ್ದು ಕಂಡ್ರೆ ನಾನು ಹೊಡೆದು ಹಾಕ್ತೀನಿ.

ಪುಸ್ತಕ ಮುಗೀಲಿ ಅಂತ ಕಾಯ್ಬೇಡಿ, ಹೇಳೋರಿಗೂ ವಯಸ್ಸಾಗ್ತಿದೆ. ಯಾರು, ಯಾವ ಊರು, ಯಾವ ತೋಟ, ಇಷ್ಟಾದ್ರೂ ಇರೋ ಮೊದಲ ಕಂತು ಕಳಿಸಿ, ಅಚ್ಚು ಹಾಕ್ತೀವಿ.

– ಸಂ.